ಕಸಿ ಚಾಚಾ ಕಾದ ಕೈ

ಚಾಚಾರ ಬಲಗಿವಿಯಿಂದ ಯಾವಾಗಲೂ ಹತ್ತಿಪ್ಪತ್ತು ಪ್ಲಾಸ್ಟಿಕ್ ಪಟ್ಟಿಗಳು ನೇತಾಡುತ್ತಿದ್ದವು. ಮಾವಿಗೆ ಕಸಿ ಕಟ್ಟುವ ಪಟ್ಟಿಗಳು. ಶಿರಾದಲ್ಲಿ ಅವರು ನಮ್ಮ ಪಕ್ಕದ ಮನೆಯವರು. ಮಸೀದಿಗೆ ಹೊರಟಾಗ ಅವನ್ನು ತೆಗೆದಿಡಲು ಮರೆತು, ಅರ್ಧ ದಾರಿಯಿಂದ ನಗುತ್ತಾ ವಾಪಸಾಗುತ್ತಿದ್ದರು.

ಅವರ ಕಸಿಯ ಕ್ರಮ ಹಳೆಯದು. ಕುಂಡದ ಗಿಡವನ್ನು ತಾಯಿಮರದ ಕೊಂಬೆಗೆ ಸೇರಿಸಿ ಬಿಗಿಯಾಗಿ ಕಟ್ಟುವುದು, ಎರಡೂ ಬೆಸೆದ ಮೇಲೆ ಕೊಂಬೆಯನ್ನು ಮರದಿಂದ ಬಿಡಿಸುವುದು. ಅದೂ ಒಂದೇ ಏಟಿಗಲ್ಲ; ಮೊದಲು ಅರ್ಧ ಕೊಯ್ದು ವಾರ ಕಾಯುತ್ತಿದ್ದರು. “ಒಂದೇ ದಿನಕ್ಕೆ ಹಾಲು ಬುಡ್ಸಿದ್ರೆ ಕೂಸು ಅಳಲ್ವೇನ್ಲಾ?” ಎನ್ನುತ್ತಿದ್ದರು.

ನಾನು ಟೈಲರ್. ಏಳು ವರ್ಷದ ಹಿಂದೆ ಗೌಡಗೆರೆ ಹತ್ತಿರದ ನಮ್ಮ ಹೊಲದಲ್ಲಿ ಕಡಲೆಕಾಯಿ ಬಿಡಿಸುವ ಮಷೀನಿಗೆ ಬಲಗೈ ಸಿಕ್ಕಿ, ಅಂಗೈಯ ಹಿಂಬದಿಯ ಚರ್ಮ ಪೂರ್ತಿ ಹೋಯಿತು. ದೊಡ್ಡಾಸ್ಪತ್ರೆಯ ಡಾಕ್ಟರು ನನ್ನ ತೊಡೆಸಂದಿನ ಚರ್ಮದ ಒಂದು ಪಟ್ಟಿಯನ್ನು ಮೂರು ಬದಿ ಬಿಡಿಸಿ, ನಾಲ್ಕನೇ ಬದಿಯ ಬುಡವನ್ನು ಹಾಗೇ ಉಳಿಸಿ, ಕೈಗೆ ಹೊಲಿದರು. ಮೂರು ವಾರ ಕೈ ಅಲ್ಲೇ ಅಂಟಿಕೊಂಡಿರಬೇಕು. ಅಲ್ಲಿಯವರೆಗೆ ಆ ಚರ್ಮಕ್ಕೆ ಬುಡದಿಂದಲೇ ರಕ್ತ. ಅಷ್ಟರಲ್ಲಿ ಕೈಯ ರಕ್ತನಾಳಗಳು ಅದರೊಳಕ್ಕೆ ಹಬ್ಬಿದರೆ ಸರಿ, ಇಲ್ಲದಿದ್ದರೆ ಕತ್ತರಿ ಹಿಡಿಯುವ ಕೆಲಸಕ್ಕೆ ದೊಡ್ಡ ನಮಸ್ಕಾರ.

ನನಗೋ ನಾಚಿಕೆಯಿಂದ ಸಾಯುವಂತಾಗಿತ್ತು. ನೋಡಲು ಬಂದ ಚಾಚಾ ಹೊದಿಕೆ ಎತ್ತಿ ಇಣುಕಿ, ಕುಣಿಯುವುದೊಂದು ಬಾಕಿ. “ಅರೆ, ಇದು ನಮ್ ಕೆಲ್ಸ ಕಣಮ್ಮ ಸಿಸ್ಟರ್! ಮರಾನೂ ಇವ್ನೇ, ಗಿಡಾನೂ ಇವ್ನೇ!” ಅವತ್ತಿನಿಂದ ಹಗಲೆಲ್ಲ ಅವರದೇ ಕಾವಲು.

ಎರಡನೇ ದಿನ ಬ್ಯಾಂಡೇಜು ಸಡಿಲವಾಗಿದೆ ಅನ್ನಿಸಿ ಅವರ ಕೈ ಸುಮ್ಮನಿರಲಿಲ್ಲ. ಕಿವಿಯ ಪಟ್ಟಿ ತೆಗೆದು, ಗಿಡಕ್ಕೆ ಕಟ್ಟುವಂತೆ ಬಿಗಿದೇಬಿಟ್ಟರು. ಸ್ವಲ್ಪ ಹೊತ್ತಿಗೆ ಚರ್ಮ ನೇರಳೆಹಣ್ಣಿನ ಬಣ್ಣಕ್ಕೆ ತಿರುಗಿತು. ಸಿಸ್ಟರ್ ಓಡಿಬಂದು ಪಟ್ಟಿ ಕತ್ತರಿಸಿ ಗದರಿದರು: “ರಕ್ತ ಒಳಕ್ಕೆ ಬಂದ್ರೆ ಸಾಲ್ದು, ವಾಪಸ್ ಹೋಗೋಕೂ ದಾರಿ ಬೇಕು ತಾತ! ಯಾರು ಹೇಳಿದ್ರು ಕಟ್ಟೋಕೆ?” ಆಮೇಲೆ ಬೆರಳಿನಿಂದ ಒತ್ತಿ ತೋರಿಸಿದರು. ಒತ್ತಿದಾಗ ಬಿಳುಚಬೇಕು, ಬಿಟ್ಟಾಗ ನಿಧಾನವಾಗಿ ಕೆಂಪಾಗಬೇಕು.

“ಹುಡ್ಗನ ಕೈ ನಾನೇ ಹಾಳ್ ಮಾಡ್ಬುಟ್ನಲ್ಲಪ್ಪಾ” ಎಂದು ಚಾಚಾ ಗೋಡೆಗೆ ಒರಗಿ ಕೂತರು. ಊಟ ಮುಟ್ಟಲಿಲ್ಲ. ಗಂಟೆಗೊಮ್ಮೆ ಸೋಪು ಹಾಕಿ ಕೈ ತೊಳೆದು ಬಂದು, ಹೆಬ್ಬೆರಳಿನಿಂದ ಒತ್ತಿ ಬಿಡುತ್ತಿದ್ದರು. ಸಂಜೆಗೆ ನೇರಳೆ ಬಣ್ಣ ಇಳಿದು, ಒತ್ತಿದ ಜಾಗಕ್ಕೆ ಮೆಲ್ಲಗೆ ಕೆಂಪು ಮರಳಿತು.

“ಬಂತು! ಬಂತು ಕಣ್ಲಾ ಬೇಟಾ!” ಇಡೀ ವಾರ್ಡು ಎದ್ದು ಕೂತಿತು.

ಮೂರು ವಾರ ತುಂಬಿದಾಗ ಕೈಯ ರಕ್ತವೊಂದೇ ಆ ಚರ್ಮಕ್ಕೆ ಸಾಕೇ ಎಂದು ಡಾಕ್ಟರು ಬುಡಕ್ಕೆ ರಬ್ಬರ್ ಕೊಳವೆ ಬಿಗಿದು ರಕ್ತ ತಡೆದು ನೋಡಿದರು. “ನಾವ್ ಅರ್ಧ ಕೊಯ್ಯೋದೂ ಇದೇ ಅಲ್ವಾ ಸಾರ್?” ಎಂದು ಚಾಚಾ ಬೀಗಿದರು. ಡಾಕ್ಟರು ನಕ್ಕು, ಒತ್ತಿ ನೋಡುವ ಕೆಲಸವನ್ನು ಅವರಿಗೇ ಬಿಟ್ಟುಕೊಟ್ಟರು. ಕೆಂಪು ಬಂತು. ಮಾರನೇ ದಿನ ಕೈ ಬಿಡುಗಡೆಯಾಯಿತು.

ಆಮೇಲೆ ನಾನು ದಪ್ಪಗಾದಂತೆ, ತೊಡೆಸಂದಿನ ಕೊಬ್ಬೂ ಜೊತೆಗೇ ಬಂದಿದ್ದರಿಂದ, ಆ ಚರ್ಮವೂ ಹೊಟ್ಟೆಯ ಜೊತೆ ಉಬ್ಬಿತು. “ಗೊಬ್ಬರ ಜಾಸ್ತಿ ಆಗದೆ” ಎಂದು ರೇಗಿಸುತ್ತಿದ್ದರು. ನನ್ನ ಮದುವೆಯಲ್ಲೂ ಅಕ್ಷತೆ ಹಾಕುವ ಮೊದಲು ಒತ್ತಿ ನೋಡಿದ ಮಹಾನುಭಾವರು ಅವರು.

ಹೋದ ವರ್ಷ ಚಾಚಾ ತೀರಿಕೊಂಡರು. ಕಬರಸ್ತಾನದಲ್ಲಿ ಅವರ ಮಗ ನನ್ನನ್ನೂ ಮುಂದಕ್ಕೆ ಕರೆದ. ಬಲಗೈಯಿಂದಲೇ ಮೂರು ಹಿಡಿ ಮಣ್ಣು ಹಾಕಿದೆ. ಮಣ್ಣು ಒರೆಸಿಕೊಂಡು, ಆ ಚರ್ಮವನ್ನು ಹೆಬ್ಬೆರಳಿನಿಂದ ಒತ್ತಿ ಬಿಟ್ಟೆ.

“ಬಂತು, ಚಾಚಾ” ಎಂದೆ, ಅವರಿಗೆ ಕೇಳುವಷ್ಟು ಜೋರಾಗಿ.