ಜೆರಿಹುನ್ ಕೊಡಿಸಿದ ಕೈತುತ್ತು

ಬಾಯಿಗೆ ರುಚಿಯಾಗಿ ಏನಾದರೂ ಬೇಕೆಂದರೆ ಜೆರಿಹುನ್‌ನ ಟ್ಯಾಕ್ಸಿ ಹತ್ತಿ ಸುಮ್ಮನೆ ಕೂತರೆ ಸಾಕು, ಮಿಕ್ಕಿದ್ದು ಅವನೇ ನೋಡಿಕೊಳ್ಳುತ್ತಾನೆ ಎಂದು ಮೆಲ್ಬರ್ನಿನ ನಮ್ಮ ಕಡೆಯ ಬೀದಿಗಳಲ್ಲಿ ಎಲ್ಲರಿಗೂ ಗೊತ್ತು. ನದಿದಂಡೆಯ ಗಾಜಿನ ಹೋಟೆಲಿನ ಹೆಸರೆತ್ತಿದ ಪ್ರಯಾಣಿಕರನ್ನು ಅವನು ಬೈಯದೆ ಬಿಡುತ್ತಿರಲಿಲ್ಲ. “ಅಲ್ಲಿಗಾ? ಇಷ್ಟಗಲ ತಟ್ಟೆ, ಮಧ್ಯದಲ್ಲಿ ಒಂದೇ ಒಂದು ಸೊಪ್ಪಿನ ಎಲೆ ಇಟ್ಟಿರ್ತಾರೆ ಸಾರ್. ತಿಂದು ಮನೆಗೆ ಹೋಗಿ ಮತ್ತೆ ಒಲೆ ಹಚ್ಚಬೇಕಾಗುತ್ತೆ!” ಎನ್ನುತ್ತಲೇ ಗಾಡಿ ತಿರುಗಿಸಿ ಕೋಬರ್ಗಿನ ಲೆಬನಾನಿನವರ ರೊಟ್ಟಿ ಅಂಗಡಿಗೋ, ಫುಟ್ಸ್‌ಕ್ರೇಯ ವಿಯೆಟ್ನಾಮಿನವರ ಶಾವಿಗೆ ಸಾರಿನ ಅಂಗಡಿಗೋ ಒಯ್ದು ನಿಲ್ಲಿಸುತ್ತಿದ್ದ. ಬೈಸಿಕೊಂಡವರೇ ಮುಂದಿನ ವಾರ ಫೋನು ಮಾಡಿ ಅವನನ್ನೇ ಕರೆಯುತ್ತಿದ್ದರು.

ಮಗಳು ಮೆಕ್ಲಿತ್ ಬೆಳೆದದ್ದೇ ಆ ಗಾಡಿಯ ಮುಂದಿನ ಸೀಟಿನಲ್ಲಿ. ತಾಯಿ ತೀರಿಕೊಂಡಾಗ ಹುಡುಗಿ ಇನ್ನೂ ಚಿಕ್ಕವಳು. ಜೆರಿಹುನ್‌ಗೋ ಮೊಟ್ಟೆ ಬೇಯಿಸುವುದರ ಆಚೆ ಅಡುಗೆ ಬಾರದು. ಹಾಗಾಗಿ ಊರಿಗೆ ಊರೇ ಅವಳ ಅಡುಗೆಮನೆಯಾಯಿತು. ಓಕ್ಲಿಯ ಗ್ರೀಕರ ಅಂಗಡಿಯಲ್ಲಿ ಜೇನು ಸುರಿದ ಬಿಸಿ ಬೋಂಡಾ ತಿಂದು ಬೆರಳು ನೆಕ್ಕಿದಳು. ಡ್ಯಾಂಡೆನಾಂಗಿನ ಅಫ್ಘನ್ನರು ಅವಳಿಗೆಂದೇ ಕುರಿಮಾಂಸದ ಕಡುಬು ಎತ್ತಿಡುತ್ತಿದ್ದರು. ಭಾನುವಾರ ಚರ್ಚು ಮುಗಿದ ಮೇಲೆ ಮಾತ್ರ ನಮ್ಮ ಇಥಿಯೋಪಿಯಾದವರೇ ಆದ ವೈನಿಶೆತ್ ಅಕ್ಕನ ಹೋಟೆಲು. ಅಲ್ಲಿ ದೊಡ್ಡದೊಂದು ಹುಳಿರೊಟ್ಟಿಯ ಸುತ್ತ ಎಲ್ಲರೂ ಕೂತು ಒಂದೇ ತಟ್ಟೆಯಿಂದ ತಿನ್ನುವುದು. “ಈ ಹುಡುಗಿ ಹೊಟ್ಟೆಗೆ ಎಷ್ಟು ಮಹಡಿ ಕಟ್ಟಿಸಿದ್ದೀಯೋ ಜೆರಿಹುನ್?” ಎಂದು ವೈನಿಶೆತ್ ಛೇಡಿಸುತ್ತಿದ್ದಳು.

ಅಂಥ ಹುಡುಗಿ ಹದಿನೇಳು ತುಂಬಿದ ವರ್ಷ ತಿನ್ನುವುದನ್ನೇ ಬಿಟ್ಟಳು. ಅಪ್ಪನಿಗೆ ಅದು ಗೊತ್ತೇ ಆಗಲಿಲ್ಲ! ಗೊತ್ತಾಗುವುದಾದರೂ ಹೇಗೆ? ಅದು ಈಸ್ಟರಿಗೆ ಮುಂಚಿನ ದೊಡ್ಡ ಉಪವಾಸದ ಕಾಲ. ನಮ್ಮವರು ಮಾಂಸ, ಹಾಲು, ಮೊಟ್ಟೆ ಮುಟ್ಟುವುದಿಲ್ಲ. ಕಟ್ಟುನಿಟ್ಟಿನವರು ಮಧ್ಯಾಹ್ನ ದಾಟುವವರೆಗೆ ನೀರೂ ಕುಡಿಯುವುದಿಲ್ಲ. ಬೆಳಿಗ್ಗೆ ಕೇಳಿದರೆ ಮೆಕ್ಲಿತ್ “ಉಪವಾಸ ಅಪ್ಪಾ” ಎನ್ನುತ್ತಿದ್ದಳು, ಸಂಜೆ ಕೇಳಿದರೂ ಅದನ್ನೇ ಹೇಳುತ್ತಿದ್ದಳು. ಜೆರಿಹುನ್ ಹಿರಿಹಿರಿ ಹಿಗ್ಗಿದ. “ಇಲ್ಲಿ ಹುಟ್ಟಿದ ಮಕ್ಕಳಿಗೆ ದೇವರು ದಿಂಡರು ಬೇಡ ಅಂತೀರಲ್ಲ, ನನ್ನ ಮಗಳನ್ನ ನೋಡಿ!” ಎಂದು ಚರ್ಚಿನ ಅಂಗಳದಲ್ಲಿ ಸಿಕ್ಕಸಿಕ್ಕವರ ಮುಂದೆಲ್ಲ ಹೇಳಿಕೊಂಡು ತಿರುಗಿದ. ಅವಳ ಕೆನ್ನೆ ಗುಳಿಬಿದ್ದದ್ದನ್ನು ಕಂಡು ಭಕ್ತಿ ಎಂದುಕೊಂಡ, ಪುಣ್ಯಾತ್ಮ. ಹಬ್ಬದ ದಿನ ಎಲ್ಲರೂ ಉಪವಾಸ ಮುರಿದು ಕೋಳಿಸಾರಿಗೆ ಕೈ ಹಾಕಿದಾಗ ಮೆಕ್ಲಿತ್ ತಟ್ಟೆಯನ್ನು ದೂರ ತಳ್ಳಿ ಬಿಕ್ಕಿಬಿಕ್ಕಿ ಅತ್ತಳು. ಮರುದಿನವೇ ಅವನು ಅವಳನ್ನು ಡಾಕ್ಟರ ಹತ್ತಿರ ಕರೆದೊಯ್ದ.

ತಿನ್ನುವುದಕ್ಕೇ ಹೆದರುವ ಕಾಯಿಲೆ ಇದು, ಹೀಗೇ ಬಿಟ್ಟರೆ ಒಂದು ದಿನ ಹೃದಯ ನಿಂತುಹೋದೀತು ಎಂದರು ಡಾಕ್ಟರು. ಒತ್ತಾಯ ಬೇಡ, ತಾಳ್ಮೆ ಇರಲಿ ಎಂದೂ ಹೇಳಿದರು. ತಾಳ್ಮೆ! ಕಣ್ಣೆದುರಿಗೆ ಮಗಳು ಸವೆದುಹೋಗುತ್ತಿರುವಾಗ ಯಾವ ಅಪ್ಪನಿಗೆ ತಾಳ್ಮೆ ಬರುತ್ತದೆ? ಅವನಿಗೆ ಗೊತ್ತಿದ್ದದ್ದು ಒಂದೇ, ಗಾಡಿ ಓಡಿಸುವುದು. ಅವಳು ಚಿಕ್ಕಂದಿನಲ್ಲಿ ಆಸೆಪಟ್ಟು ತಿಂದದ್ದನ್ನೆಲ್ಲ ಊರಿನ ಮೂಲೆಮೂಲೆಯಿಂದ ಬಿಸಿಬಿಸಿಯಾಗಿ ತಂದು ಮುಂದಿಟ್ಟ. “ಮಗಳೆಲ್ಲಿ, ಕಾಣಲೇ ಇಲ್ಲ?” ಎಂದು ಅಂಗಡಿಯವರು ಕೇಳಿದರೆ “ಪರೀಕ್ಷೆ” ಎಂದು ಸುಳ್ಳು ಹೇಳಿದ. ತಂದದ್ದು ತಂದ ಹಾಗೇ ಫ್ರಿಜ್ಜಿನಲ್ಲಿ ಹಳಸಿತು.

ಒಂದು ಮಾತ್ರ ನಡೆಯುತ್ತಿತ್ತು. ಶಾಲೆಯಿಂದ ಕರೆತರುವಾಗ, ಅವನು ರಸ್ತೆ ನೋಡಿಕೊಂಡು ಓಡಿಸುತ್ತಿದ್ದರೆ, ಮೆಕ್ಲಿತ್ ವಿಯೆಟ್ನಾಮಿನವರ ಡಬ್ಬಿ ತೆಗೆದು ಸಾರಿನ ತಿಳಿಯನ್ನಷ್ಟೇ ಗುಟುಕು ಗುಟುಕಾಗಿ ಕುಡಿಯುತ್ತಿದ್ದಳು. ಸಿಗ್ನಲಿನಲ್ಲಿ ಗಾಡಿ ನಿಂತೊಡನೆ ಇವನು ಆಸೆಯಿಂದ ತಿರುಗಿ, “ಇನ್ನೊಂದು ಚೂರು, ನನ್ನ ಬಂಗಾರ” ಎನ್ನುತ್ತಿದ್ದ. ಅವಳು ಡಬ್ಬಿ ಮುಚ್ಚಿಬಿಡುತ್ತಿದ್ದಳು.

ಆ ನಾಲ್ಕು ಗುಟುಕು ಅವನಿಗೆ ಸಾಲದಾಯಿತು. ಒಂದು ಶನಿವಾರ ವೈನಿಶೆತ್ ಅಕ್ಕನ ಹತ್ತಿರ ಹೋಗಿ ಕೈಹಿಡಿದುಕೊಂಡ. “ಅಕ್ಕಾ, ನಾಳೆ ನೀವೇ ಅವಳಿಗೆ ಗುರ್ಷಾ ಕೊಡಿ. ಎಲ್ಲರ ಮುಂದೆ ಕೊಟ್ಟರೆ ಬೇಡ ಅನ್ನಲ್ಲ.”

ಗುರ್ಷಾ ಎಂದರೆ ನಮ್ಮವರ ಕೈತುತ್ತು. ರೊಟ್ಟಿಯಲ್ಲಿ ಪಲ್ಯ ಸುತ್ತಿ ದೊಡ್ಡವರು ಬಾಯಿಗಿಟ್ಟರೆ ಬಾಯಿ ತೆರೆಯಲೇಬೇಕು. ಮುಖ ತಿರುಗಿಸಿದರೆ ಕೊಟ್ಟವರಿಗೆ ಕೆನ್ನೆಗೆ ಹೊಡೆದಷ್ಟೇ ಅವಮಾನ.

“ಕಾಯಿಲೆ ಮಗೂಗೆ ಮೋಸ ಮಾಡು ಅಂತೀಯೇನೋ?” ಎಂದಳು ವೈನಿಶೆತ್.

“ಮೋಸಾನೋ ಗೀಸಾನೋ, ಒಳಗೆ ಹೋದ್ರೆ ಸಾಕು ಅಕ್ಕಾ. ನನ್ನ ಕೈಲಿ ಆಗ್ತಿಲ್ಲ.”

ಭಾನುವಾರ ಹೋಟೆಲು ತುಂಬಿತ್ತು. ವೈನಿಶೆತ್ ದಪ್ಪದೊಂದು ತುತ್ತು ಸುತ್ತಿ, “ಎಲ್ಲಿ, ಆ... ಅನ್ನು ನನ್ನ ಕಂದ, ನಿಮ್ಮಮ್ಮನ ಹೆಸರಲ್ಲಿ” ಎಂದು ಮೆಕ್ಲಿತ್‌ಳ ತುಟಿಗೆ ಹಿಡಿದಳು. ಎಲ್ಲರ ಕಣ್ಣೂ ಹುಡುಗಿಯ ಮೇಲೆ. ಅವಳು ಅಪ್ಪನ ಕಡೆ ನೋಡಿದಳು. ಅಪ್ಪ ನೆಲ ನೋಡಿದ. ಕೊನೆಗೆ ಬಾಯಿ ತೆರೆದಳು, ಅಗಿದಳು, ನುಂಗಿದಳು. ಹೆಂಗಸರು ಖುಷಿಯಿಂದ ಚಪ್ಪಾಳೆ ತಟ್ಟಿದರು. ಸ್ವಲ್ಪ ಹೊತ್ತಿಗೆ ಅವಳು ಎದ್ದು ಹಿತ್ತಲ ಬಚ್ಚಲಿಗೆ ಹೋದಳು. ಹಿಂದೆಯೇ ಹೋದ ಜೆರಿಹುನ್‌ಗೆ ಒಳಗೆ ಅವಳು ಕಕ್ಕುವುದು ಕೇಳಿಸಿತು.

ಬಾಗಿಲು ತೆರೆದಾಗ ಅವಳ ಮುಖ ಬಿಳುಚಿಕೊಂಡಿತ್ತು. “ನೀನೇ ಹೇಳಿಕೊಟ್ಟಿದ್ದು, ಅಲ್ವಾ?”

“ಹೆದರಿಕೆ ಆಯ್ತು ಮಗಳೇ...”

“ಸಾರು ಕುಡೀತಿದ್ನಲ್ಲಪ್ಪ. ನಿಂಗೋಸ್ಕರ ಕುಡೀತಿದ್ದೆ.”

ಅವತ್ತಿನಿಂದ ಸಾರೂ ನಿಂತಿತು. ಇದ್ದ ಒಂದು ದಾರಿಯನ್ನೂ ತನ್ನ ಕೈಯಾರೆ ಮುಚ್ಚಿದ್ದ. ಕೆಲವೇ ದಿನಗಳಲ್ಲಿ ಮೆಕ್ಲಿತ್ ಶಾಲೆಯ ಮೆಟ್ಟಿಲ ಮೇಲೆ ಕುಸಿದುಬಿದ್ದಳು. ಆಸ್ಪತ್ರೆಯ ಮಂಚದಲ್ಲಿ ಹೊದಿಕೆಯ ಕೆಳಗೆ ಒಬ್ಬಳು ಹುಡುಗಿ ಇದ್ದಾಳೆ ಎಂದು ಗೊತ್ತೇ ಆಗುತ್ತಿರಲಿಲ್ಲ. ದೇವರೇ, ಇವಳನ್ನೂ ಕರೆದುಕೊಳ್ಳಬೇಡ ಎಂದು ಅವನು ಪಕ್ಕದಲ್ಲಿ ಕೂತು ಬಾಯೊಳಗೇ ಗೋಗರೆಯುತ್ತಿದ್ದ.

ಮಧ್ಯಾಹ್ನ ನರ್ಸು ಒಂದು ಬಟ್ಟಲು ಮೊಸರು ತಂದಿಟ್ಟಳು. ಇದು ಒಳಗೆ ಹೋಗದಿದ್ದರೆ ಸಂಜೆ ಮೂಗಿನಿಂದ ನಳಿಗೆ ಹಾಕಬೇಕಾಗುತ್ತದೆ ಎಂದು ಮೆಲ್ಲಗೆ ಹೇಳಿ, ಪಕ್ಕದ ಮಂಚದ ಕಡೆ ಹೋದಳು. ಮೆಕ್ಲಿತ್ ಬಟ್ಟಲನ್ನು ನೋಡಲೂ ಇಲ್ಲ.

“ನೀನು ತಿಂದ್ಯಾ ಅಪ್ಪ?”

“ಹೂಂ, ಆಯ್ತು.”

“ಸುಳ್ಳು. ಚೀಲದಲ್ಲಿ ಕೋಬರ್ಗ್ ರೊಟ್ಟಿ ಇದೆ, ವಾಸನೆ ಬರ್ತಿದೆ. ತಿನ್ನು. ನಾನು ನೋಡ್ತೀನಿ.”

ಅವನು ರೊಟ್ಟಿ ಮುರಿದು ಬಾಯಿಗಿಟ್ಟ. ಅವಳು ಅವನ ದವಡೆಯನ್ನೇ ನೋಡುತ್ತಿದ್ದಳು, ಗಂಟಲನ್ನೇ ನೋಡುತ್ತಿದ್ದಳು, ಕಣ್ಣು ಮಿಟುಕಿಸದೆ. ಅಗಿದ, ಅಗಿದೇ ಅಗಿದ. ಇಪ್ಪತ್ತು ವರ್ಷ ಚಪ್ಪರಿಸಿ ತಿಂದ ರೊಟ್ಟಿ ಗಂಟಲಲ್ಲಿ ಇಳಿಯಲೇ ಇಲ್ಲ.

“ಇನ್ನೊಂದು ಚೂರು, ನನ್ನ ಬಂಗಾರ” ಎಂದಳು ಮೆಕ್ಲಿತ್. ಅಣಕಿಸಲಿಲ್ಲ, ನಗಲೂ ಇಲ್ಲ. ದಣಿದ ದನಿಯಲ್ಲಿ ಹೇಳಿದಳು, ಅಷ್ಟೇ.

ಜೆರಿಹುನ್ ಬಾಯಲ್ಲಿದ್ದದ್ದನ್ನು ಕರವಸ್ತ್ರಕ್ಕೆ ಉಗುಳಿದ. ಎದ್ದು ಕುರ್ಚಿಯನ್ನು ಕಿಟಕಿಯ ಕಡೆಗೆ ತಿರುಗಿಸಿ, ಮಗಳಿಗೆ ಬೆನ್ನು ಹಾಕಿ, ಗಾಡಿ ಓಡಿಸುವಾಗಿನ ಹಾಗೆ ರಸ್ತೆ ನೋಡಿಕೊಂಡು ಕೂತ. ಎರಡು ಕೈಯಲ್ಲೂ ಮೊಣಕಾಲು ಬಿಗಿಹಿಡಿದುಕೊಂಡ. ಕೆಳಗೆ ರಸ್ತೆಯಲ್ಲಿ ಟ್ಯಾಕ್ಸಿಗಳು ಸಾಲಾಗಿ ನಿಂತಿದ್ದವು.

ಸಾಲಿನಿಂದ ಒಂದೊಂದೇ ಟ್ಯಾಕ್ಸಿ ಹೊರಟುಹೋಯಿತು. ಆಮೇಲೆ ಬಟ್ಟಲಿಗೆ ಚಮಚ ತಗುಲಿದ ಸದ್ದು ಕೇಳಿಸಿತು, ಒಂದೇ ಸಲ. ಅವಳು ತಿಂದಳೋ, ಸುಮ್ಮನೆ ಕಲಕಿದಳೋ? ಜೀವವೆಲ್ಲ ಕಿವಿಗೆ ಬಂದಿತ್ತು. ಆದರೂ ಜೆರಿಹುನ್ ತಿರುಗಿ ನೋಡಲಿಲ್ಲ.