ನನ್ನ ಬೆರಳು, ಅವರ ಶುಗರ್

ನಮ್ಮ ಮನೆಯಲ್ಲಿ ಕನ್ನಡ ಆಡುವವರು ಎಲ್ಲರೂ, ಓದಬಲ್ಲವಳು ನಾನೊಬ್ಬಳೇ. ಚಾಮರಾಜನಗರದ ಶಾಲೆಯಲ್ಲಿ ಕಲಿತು, ತಮಿಳುನಾಡಿನ ಸೂಲೂರಿನ ಆಚೆಗಿನ ನೇಕಾರರ ಮನೆಗೆ ಸೊಸೆಯಾಗಿ ಬಂದವಳು. ಇಲ್ಲಿ ಓದು ತಮಿಳಿನಲ್ಲಿ, ವ್ಯಾಪಾರ ತಮಿಳಿನಲ್ಲಿ, ಜಗಳ ಮಾತ್ರ ಕನ್ನಡದಲ್ಲಿ. ಯಜಮಾನರ ಬಗ್ಗೆ ಏನು ಬರೆದರೂ ಮನೆಯಲ್ಲಿ ಯಾರೂ ಓದಲಾರರು ಎಂಬ ಧೈರ್ಯದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಯಜಮಾನರಿಗೆ ಸಕ್ಕರೆ ಕಾಯಿಲೆ ಎಂದು ತಿಳಿದ ದಿನ ಮನೆಯಲ್ಲಿ ಅವರಿಗೆ ಪಟ್ಟಾಭಿಷೇಕವೇ ಆಯಿತು. ಬೇರೆ ಹಿಟ್ಟು, ಬೇರೆ ಪಲ್ಯ, ಬೇರೆ ಹೊತ್ತಿಗೆ ಊಟ. ಕೊಯಮತ್ತೂರಿನಲ್ಲಿರುವ ಮಗಳು ಶುಗರ್ ನೋಡುವ ಯಂತ್ರ ತಂದುಕೊಟ್ಟು, ದಿನಾ ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಬೆರಳು ಚುಚ್ಚಿ ನೋಡಿ, ಅಂಕಿಯ ಫೋಟೋ ತೆಗೆದು ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಬೇಕೆಂದು ಅಪ್ಪಣೆ ಮಾಡಿದಳು. ಮೊದಲು ಆ ಗುಂಪಿನಲ್ಲಿ ಬೆಳಗಾದರೆ ದೇವರ ಪಟ ಬರುತ್ತಿತ್ತು. ಈಗ ಆ ಜಾಗದಲ್ಲಿ ಯಜಮಾನರ ಶುಗರ್. ಅಂಕಿ ಇಳಿದರೆ ನೆಂಟರೆಲ್ಲ ಕೈಮುಗಿಯುವ ಚಿತ್ರ ಕಳಿಸುವರು. ಏರಿದರೆ ಮದುಕ್ಕರೈಯಲ್ಲಿರುವ ಅವರ ಅಕ್ಕನ ದನಿ ಫೋನಿನಿಂದ ಹೊರಡುವುದು: "ನನ್ ತಮ್ಮನ್ಗೆ ಏನ್ ಹಾಕ್ತಾ ಇದ್ದಾಳೋ, ಆ ಮುರುಗನ್ಗೇ ಗೊತ್ತು."

ಯಜಮಾನರಿಗೆ ಮಗ್ಗದಲ್ಲಿ ಹಾರುವ ಲಾಳಿಯ ಭಯವಿಲ್ಲ, ಕರೆಂಟಿನ ಭಯವಿಲ್ಲ. ಸೂಜಿ ಕಂಡರೆ ಮಾತ್ರ ಬೆವರು. ಅದನ್ನು ಒಪ್ಪಿಕೊಂಡಾರೆಯೇ? ಎಳೆ ಗಂಟು ಹಾಕಿ ಹಾಕಿ ಬೆರಳು ಜಡ್ಡುಗಟ್ಟಿದೆ, ನೇಕಾರನ ಬೆರಳಿನಲ್ಲಿ ರಕ್ತ ಬರುವುದಿಲ್ಲ ಎಂದು ಜಂಬ ಕೊಚ್ಚುವರು. ಒಂದು ದಿನ ಹೆದರಿ ಹೆದರಿ ಮೆಲ್ಲಗೆ ಚುಚ್ಚಿಕೊಂಡರು, ರಕ್ತ ಬರಲಿಲ್ಲ. ಅತ್ತ ಮಗಳು ಫೋಟೋ ಎಲ್ಲಿ ಎಂದು ಫೋನ್ ಮಾಡುತ್ತಿದ್ದಾಳೆ. ಪಾತ್ರೆ ತೊಳೆದು ಬಂದ ನನ್ನ ಕೈ ಹಿಡಿದುಕೊಂಡರು.

"ನಿನ್ ಬೆರಳ್ ಕೊಡು ಇಲ್ಲಿ."

"ನಂದ್ಯಾಕುಂಗ? ಶುಗರ್ ಇರೋದು ನಿಮ್ಗಲ್ವಾ?"

"ಇಬ್ರೂ ಒಂದೇ ಮಡಕೆ ಸೋರು ತಿನ್ನೋದು. ನಿನ್ ರಕ್ತದಾಗ ಇರೋದೂ ನನ್ ಶುಗರೇ."

ಒಂದೇ ಮಡಕೆಯ ಅನ್ನಕ್ಕೆ ಒಂದೇ ಶುಗರ್! ನಗು ಬಂತು, ಆದರೂ ಕೊಟ್ಟೆ. ನೇಕಾರರ ಮನೆಯಲ್ಲಿ ಇದೇನೂ ಹೊಸದಲ್ಲ. ಲಾಳಿಗೆ ನೂಲಿನ ಕಂಡಿಕೆ ಸುತ್ತಿಕೊಡುವವಳು ನಾನು, ಕಡಿದ ಎಳೆ ಹುಡುಕುವವಳು ನಾನು, ಬಟ್ಟೆ ನೇಯ್ದವರು ಮಾತ್ರ ಅವರು. ನೇಯ್ಗೆಗೆ ಸೇರಿದ ಕೈ ಕಾಯಿಲೆಗೂ ಸೇರಲಿ ಎಂದುಕೊಂಡೆ.

ಯಂತ್ರದಲ್ಲಿ ಮುನ್ನೂರರ ಹತ್ತಿರ ಬಂತು. ಫೋಟೋ ಕಳಿಸುವುದೂ ನನ್ನದೇ ಕೆಲಸ, ಕಳಿಸಿಬಿಟ್ಟೆ. ಗುಂಪಿಗೆ ಗುಂಪೇ ಯಜಮಾನರ ಮೇಲೆ ಬಿತ್ತು. ಅದು ಹೆಂಡತಿಯ ರಕ್ತ ಎಂದರೆ ಮಾನ ಹೋಗುತ್ತದೆ, ಆದ್ದರಿಂದ ಬಾಯಿ ಮುಚ್ಚಿಕೊಂಡು ಬೈಸಿಕೊಂಡರು. ಆದರೆ ನೋವಿಲ್ಲದ ದಾರಿ ಸಿಕ್ಕ ಮೇಲೆ ಬಿಡುವವರೇ ಅವರು? ಮರುದಿನವೂ ನನ್ನ ಬೆರಳೇ, ಅದರ ಮರುದಿನವೂ ನನ್ನದೇ.

ಅವರ ಅನ್ನ ನಿಂತಿತು, ಸಂಜೆಯ ಬಜ್ಜಿ ನಿಂತಿತು. ಅವರ ತಟ್ಟೆಯಿಂದ ಇಳಿದದ್ದೆಲ್ಲ ನನ್ನ ತಟ್ಟೆಗೆ ಏರಿತು. ಅನ್ನ ಚೆಲ್ಲಬಾರದು. ನೆಂಟರು ತಂದ ಕಜ್ಜಾಯವನ್ನು ಬೀದಿಗೆ ಎಸೆಯಲಾದೀತೇ? ಅವರು ಆವರಿಕೆ ಹೂವಿನ ಕಷಾಯ ಕುಡಿದು ಬೀದಿ ಸುತ್ತಿ ಬರುವರು, ನಾನು ಕಜ್ಜಾಯ ತಿಂದು ಬೆರಳು ಕೊಡುವೆನು. ಅಂಕಿ ಮೇಲಕ್ಕೇ ಹೋಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ನಮ್ಮಲ್ಲಿ ಜ್ವರ ಎಮ್ಮೆಗೆ, ಬರೆ ಎತ್ತಿಗೆ. ಆದರೆ ಜ್ವರ ಇದೆಯೆಂದು ಎಮ್ಮೆಗೂ ಗೊತ್ತಿರಲಿಲ್ಲ.

ಮಗಳು ಫೋಟೋಗಳನ್ನು ಡಾಕ್ಟರಮ್ಮನಿಗೆ ತೋರಿಸಿದಳು. ಅವರು ಮಾತ್ರೆ ಜಾಸ್ತಿ ಮಾಡಿ, ಇದಕ್ಕೂ ಇಳಿಯದಿದ್ದರೆ ಇನ್ಸುಲಿನ್ ಚುಚ್ಚುವುದೇ ಎಂದರಂತೆ. ಆಗಲಾದರೂ ಯಜಮಾನರು ನಿಜ ಹೇಳಬಹುದಿತ್ತು. ಹೇಳಲಿಲ್ಲ. ಮಾತ್ರೆ ನುಂಗಿದರು.

ಸ್ವಲ್ಪ ದಿನಕ್ಕೆ, ಮಧ್ಯಾಹ್ನದ ಊಟಕ್ಕೆ ಮೊದಲು, ಮಗ್ಗದ ಸದ್ದು ನಿಂತಿತು. ಹೋಗಿ ನೋಡಿದರೆ ನೆಲದ ಮೇಲೆ ಕೂತಿದ್ದಾರೆ, ಅಂಗಿ ಬೆವರಿನಲ್ಲಿ ತೊಯ್ದಿದೆ, ಕೈ ನಡುಗುತ್ತಿದೆ, ಮಾತು ತೊದಲುತ್ತಿದೆ. ಮಗಳಿಗೆ ಫೋನ್ ಮಾಡಿದೆ. "ಶುಗರ್ ಇಳ್ದೋಗಿದೆ, ಸಕ್ಕರೆ ನೀರ್ ಕುಡ್ಸಮ್ಮಾ" ಎಂದು ಕೂಗಿದಳು. ಇಷ್ಟು ದಿನ ಬಚ್ಚಿಟ್ಟಿದ್ದ ಸಕ್ಕರೆ ಡಬ್ಬಿ ತೆಗೆದು, ಕರಗಿಸಿ ಕುಡಿಸಿದೆ. ಕಾಲು ಗಂಟೆಗೆ ಮನುಷ್ಯರಾದರು.

ಮಗಳು ಬಂದು ನಮ್ಮಿಬ್ಬರನ್ನೂ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದಳು. ಅಲ್ಲಿ ತೋಳಿನಿಂದ ರಕ್ತ ತೆಗೆದರು. ನೋಡಿದರೆ ಯಜಮಾನರ ಶುಗರ್ ಹತೋಟಿಯಲ್ಲೇ ಇದೆ, ಅಂದು ಹೆಚ್ಚಿನ ಮಾತ್ರೆಗೆ ಕುಸಿದದ್ದು. ಡಾಕ್ಟರಮ್ಮ ನಮ್ಮ ಯಂತ್ರವನ್ನು ಪರೀಕ್ಷಿಸಿದರು, ಅದೂ ಸರಿಯಾಗಿದೆ. ಹಾಗಾದರೆ ಫೋಟೋದಲ್ಲಿರುವುದು ಯಾರ ರಕ್ತ ಎಂದು ಕೇಳಿದರು. ಯಜಮಾನರು ಫ್ಯಾನನ್ನು ನೋಡತೊಡಗಿದರು. ನಾನು ಶಾಲೆಯ ಹುಡುಗಿಯ ಹಾಗೆ ಕೈ ಎತ್ತಿದೆ. ಮಗಳು ಅಪ್ಪನನ್ನು ನೋಡಿದ ನೋಟಕ್ಕೆ ಫ್ಯಾನು ನಿಲ್ಲಬೇಕಿತ್ತು.

ಡಾಕ್ಟರಮ್ಮ ನನ್ನ ಕಡೆ ತಿರುಗಿದರು. ತುಂಬಾ ಬಾಯಾರಿಕೆಯೇ? ಬೇಸಿಗೆ ಎಂದೆ. ಸುಸ್ತೇ? ವಯಸ್ಸು ಎಂದೆ. ಕಾಲಿನ ಈ ಗಾಯ ಎಷ್ಟು ದಿನದ್ದು? ಚಪ್ಪಲಿ ಕಚ್ಚಿದ್ದು, ವಾಸಿಯಾಗುತ್ತೆ ಎಂದೆ. ಇನ್ನು ಸ್ವಲ್ಪ ದಿನ ಬಿಟ್ಟಿದ್ದರೆ ಆ ಕಾಲು ಉಳಿಯುವುದೇ ಕಷ್ಟವಾಗುತ್ತಿತ್ತು ಎಂದರು. ಅಲ್ಲೇ ಅಳು ಬಂತು. ದಿನಾ ಬೆಳಿಗ್ಗೆ ನನ್ನ ರಕ್ತದ ಅಂಕಿ ನೆಂಟರೆಲ್ಲರ ಕೈಯಲ್ಲಿತ್ತು. ಅದು ನನ್ನದು ಎಂದು ಯಾರಿಗೂ ಹೊಳೆಯಲಿಲ್ಲ, ರಕ್ತ ಯಾರದೆಂದು ಗೊತ್ತಿದ್ದ ನಮ್ಮಿಬ್ಬರಿಗೂ ಕಾಯಿಲೆ ನನ್ನದೆಂದು ಹೊಳೆಯಲಿಲ್ಲ.

ಮನೆ ಮುಟ್ಟುವ ಮೊದಲೇ ಯಜಮಾನರು ತಮ್ಮ ಶುಗರ್ ಹತೋಟಿಯಲ್ಲಿದೆ ಎಂದು ಗುಂಪಿಗೆ ಹೇಳಿಯಾಗಿತ್ತು. ಕೈಮುಗಿಯುವ ಚಿತ್ರಗಳ ಸುರಿಮಳೆ. ಆಮೇಲೆ ಮಗಳು ನಡೆದದ್ದನ್ನೆಲ್ಲ ಹೇಳಿ, ಶುಗರ್ ಅಮ್ಮನಿಗೆ ಎಂದಳು. ಮೊದಲು ಬಂದದ್ದು ಮದುಕ್ಕರೈ ಅಕ್ಕನ ದನಿ: "ಅಯ್ಯೋ ಕಡವುಳೇ, ಹಂಗಾರೆ ಇನ್ಮೇಲೆ ನನ್ ತಮ್ಮನ್ಗೆ ಅಡುಗೆ ಯಾರ್ ಮಾಡ್ತಾರೆ?"

ಮರುದಿನ ಬೆಳಿಗ್ಗೆ ಕೈ ತೊಳೆದು ಬಂದು ಯಂತ್ರದ ಮುಂದೆ ಕೂತೆ. ಮೊದಲು ನನ್ನದು ನೋಡಿಕೊಂಡೆ. ಯಜಮಾನರು ಪಕ್ಕದಲ್ಲಿ ಬಂದು ಕೂತು, ಮುಖ ಆಚೆ ತಿರುಗಿಸಿ ಬೆರಳು ನೀಡಿದರು.

"ಮೆಲ್ಲಗ್ ಚುಚ್ಚು. ನೇಯ್ದ ಬೆರಳು, ರಕ್ತ ಬರಲ್ಲ."

ಹೊಸ ಸೂಜಿ ಹಾಕಿ, ಚುಚ್ಚುವ ಪೆನ್ನಿನ ತಿರುಪನ್ನು ಎಷ್ಟು ಆಳಕ್ಕೆ ಹೋಗುತ್ತದೋ ಅಷ್ಟಕ್ಕೂ ತಿರುಗಿಸಿ ಒತ್ತಿದೆ. "ಅಮ್ಮಾ" ಎಂದು ಕೂಗಿದರು. ರಕ್ತ ಚೆನ್ನಾಗಿಯೇ ಬಂತು.