ಸುಬೇದಾರರ ಗುಮಾಸ್ತನಿಗೆ ಮಾತ್ರ ಪ್ರವೇಶ

ನಾನು ಗುಮಾಸ್ತನಾಗಿದ್ದ ತಾಲ್ಲೂಕು ಕಚೇರಿಯ ಹಿಂದೆ ಒಂದು ಕಲ್ಲಿನ ಕೋಣೆ ಇತ್ತು. ಮೂರು ಕಚೇರಿಗಳ ಹಳೆಯ ಕಾಗದಗಳೆಲ್ಲ ಅದರೊಳಗೇ: ನಮ್ಮದು, ಸರ್ವೆಯವರದು, ನೋಂದಣಿಯವರದು. ಮೂವರ ಸೊತ್ತು ಎಂದರೆ ಹೇಳುವವರು ಕೇಳುವವರು ಇಲ್ಲ ಎಂದು ಯಾರಾದರೂ ತಿಳಿದರೆ, ಅವರು ನಮ್ಮ ರೆಕಾರ್ಡ್ ಕೀಪರನ್ನು ನೋಡಿಲ್ಲವೆಂದೇ ಅರ್ಥ.

ಶನಿವಾರಸಂತೆ ಕಡೆಯವರು. ಹಣೆಗೆ ವಿಭೂತಿ, ಸೊಂಟದಲ್ಲಿ ಬೀಗದಕೈ. ಬೆಳಿಗ್ಗೆ ಹೋಟೆಲಿನಲ್ಲಿ ನಾನೂ ಅವರೂ ಒಂದೇ ವಡೆಯನ್ನು ಮುರಿದು ತಿನ್ನುತ್ತಿದ್ದೆವು. ಆದರೆ ಕೋಣೆಯ ಬಾಗಿಲಿಗೆ ಬಂದರೆ ನನ್ನ ಗುರುತೇ ಅವರಿಗೆ ಇರುತ್ತಿರಲಿಲ್ಲ. ಆ ಕೋಣೆಗೆ ಮನುಷ್ಯರಿಗೆ ಪ್ರವೇಶವಿಲ್ಲ, ಹುದ್ದೆಗಳಿಗೆ ಮಾತ್ರ ಎಂಬುದು ಅವರ ಸಿದ್ಧಾಂತ. ಮನುಷ್ಯನಿಗೆ ನೆಂಟರಿರುತ್ತಾರೆ, ದಯೆ ದಾಕ್ಷಿಣ್ಯ ಇರುತ್ತದೆ. ಹುದ್ದೆಗೆ ಆ ಕಾಯಿಲೆಗಳಿಲ್ಲ. ನಮ್ಮ ತಾಲ್ಲೂಕಿನ ದೊಡ್ಡ ಸಾಹೇಬರಿಗೆ ಆಗ ಸುಬೇದಾರರೆಂದು ಹೆಸರು; ನಾನು ಒಳಗೆ ಹೋಗುತ್ತಿದ್ದದ್ದು ‘ಸುಬೇದಾರರ ಗುಮಾಸ್ತ’ನಾಗಿ. ನಾನು ಇವತ್ತು ಸತ್ತರೂ ನಾಳೆ ಬರುವವನು ಅದೇ ಅನುಮತಿಯ ಮೇಲೆ ನೆಟ್ಟಗೆ ಒಳಗೆ ನಡೆಯಬಹುದಿತ್ತು. ಏರ್ಪಾಡು ಚೆನ್ನಾಗಿಯೇ ಇದೆ ಎಂದುಕೊಂಡಿದ್ದೆ.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಮರುವರ್ಷ ಭಾಗಮಂಡಲದ ಕಡೆಯ ಗೌಡರೊಬ್ಬರು ನನ್ನ ಮೇಜಿನ ಮುಂದೆ ಬಂದು ನಿಂತರು. ವಯಸ್ಸಾಗಿತ್ತು. ಕಂಬಳಿಯಿಂದ ನೀರು ಇಳಿಯುತ್ತಿತ್ತು.

“ಅಣ್ಣ ಹೋದ ಮೇಲೆ ಕೋವಿ ಸ್ಟೇಷನ್‌ಲಿ ಉಟ್ಟು, ಗುಮಾಸ್ತರೆ. ಕೈಲ್ ಮುಹೂರ್ತಕ್ಕೆ ಮನೆಗೆ ತರೊಕು. ಅಷ್ಟೆ.”

ನಮ್ಮಲ್ಲಿ ತಲೆಮಾರುಗಳಿಂದ ಬಂದ ಜಮ್ಮಾ ಭೂಮಿಯ ಮನೆಯವರಿಗೆ ಕೋವಿಗೆ ಲೈಸೆನ್ಸು ಬೇಡ. ಆ ಮನೆಯವರೆಂದು ತೋರಿಸಿದರೆ ಸಾಕು. ಆ ವಿನಾಯಿತಿ ಅಣ್ಣನ ಹೆಸರಿನಲ್ಲಿತ್ತು. ಅಣ್ಣ ತೀರಿಕೊಂಡ ಮೇಲೆ ಕೋವಿ ಪೊಲೀಸರ ವಶ. ತಮ್ಮನೂ ಅದೇ ಜಮ್ಮಾದವನು ಎನ್ನುವ ಒಂದು ಪುಟದ ನಕಲು ಬೇಕಿತ್ತು, ಆ ಪುಟ ಕಲ್ಲಿನ ಕೋಣೆಯಲ್ಲಿತ್ತು. ಆಯುಧಗಳ ಹಬ್ಬವಾದ ಕೈಲ್ ಮುಹೂರ್ತದ ದಿನ ಕೋವಿಯನ್ನು ತೊಳೆದು, ಹೂವಿಟ್ಟು, ದೀಪದ ಮುಂದೆ ನಿಲ್ಲಿಸದಿದ್ದರೆ ಆ ಮನೆಗೆ ಹಬ್ಬವೇ ಇಲ್ಲ. ಹಬ್ಬಕ್ಕೆ ಇನ್ನೂ ಸಾಕಷ್ಟು ದಿನ ಇತ್ತು. “ಸಂಜೆಗೆ ಬನ್ನಿ ಗೌಡ್ರೆ” ಎಂದು ಧಾರಾಳವಾಗಿ ಹೇಳಿ ಎದ್ದು ಹೋದೆ.

ರೆಕಾರ್ಡ್ ಕೀಪರು ಬಾಗಿಲಿಗೆ ಅಡ್ಡ ಕೈ ಇಟ್ಟರು.

“ಯಾರು?”

“ಸುಬೇದಾರರ ಗುಮಾಸ್ತ.”

“ಅಲ್ಲ ಕಣಯ್ಯಾ, ಈ ರಾಜ್ಯದಲ್ಲಿ ಸುಬೇದಾರರು ಅನ್ನೋರು ಎಲ್ಲವ್ರೆ ಹೇಳು?”

ಮಾತು ನಿಜ. ಹೊಸ ರಾಜ್ಯದಲ್ಲಿ ನಮ್ಮ ಸುಬೇದಾರರು ತಹಶೀಲ್ದಾರರಾಗಿದ್ದರು. ಅದೇ ಮನುಷ್ಯ, ಅದೇ ಕುರ್ಚಿ, ಅದೇ ನಶ್ಯದ ಡಬ್ಬಿ. ಪೈಂಟರು ಬಂದು ಬೋರ್ಡು ಬದಲಾಯಿಸಿ ಹೋಗಿದ್ದ. ಬಾಗಿಲಿನ ಅನುಮತಿಯನ್ನು ಬದಲಾಯಿಸಬೇಕೆಂದು ಮಾತ್ರ ಯಾರಿಗೂ ಹೊಳೆದಿರಲಿಲ್ಲ. ನನ್ನ ಹುದ್ದೆ ತೀರಿಕೊಂಡಿತ್ತು. ನಾನು ಗೊತ್ತಿಲ್ಲದೆ ಸಂಬಳ ತೆಗೆದುಕೊಳ್ಳುತ್ತಿದ್ದೆ.

“ಬೆಳಿಗ್ಗೆ ವಡೆ ತಿಂದದ್ದು ಯಾರ ಜೊತೆ?” ಎಂದೆ.

“ಅದು ನೀನು. ಈಗ ಬಂದಿರೋದು ಯಾರು ಅಂತ ಕೇಳ್ತಿರೋದು.”

ಹೋಗಿ ತಹಶೀಲ್ದಾರ್ ಸಾಹೇಬರಿಗೆ ಹೇಳಿದೆ, ಅವರಿಗೆ ಸಿಟ್ಟು ಬಂತು. “ನಾನೇ ಬರ್ತೇನೆ” ಎಂದು ಕೋಟು ಹಾಕಿಕೊಂಡು ಬಂದರು. ರೆಕಾರ್ಡ್ ಕೀಪರು ಎದ್ದು ನಿಂತು ಕೈಮುಗಿದು, ವರಾಂಡದಲ್ಲಿ ಕುರ್ಚಿ ಹಾಕಿಸಿ, ಕಾಫಿ ತರಿಸಿದರು. “ದೊಡ್ಡೋರು ಖುದ್ದು ಒಳಗೆ ಬರ್ತಾರೆ ಅಂತ ಆರ್ಡರ್ ಬರೆದೋರು ಎಣಿಸಿರ್ನಿಲ್ಲ ಸಾರ್, ನಿಮ್ಮನ್ನ ಸೇರ್ಸೇ ಇಲ್ಲ” ಎಂದು ಬಹಳ ನೊಂದುಕೊಂಡರು. ಸಾಹೇಬರು ಕಾಫಿ ಕುಡಿದು ಹಿಂದಿರುಗಿ ಜಿಲ್ಲೆಗೆ ಬರೆದರು.

ಜಿಲ್ಲೆಯವರು ಯೋಚಿಸುತ್ತಿರುವಾಗ ಜಡಿಮಳೆಯ ಕಕ್ಕಡ ತಿಂಗಳು ಬಂದು ಹೋಯಿತು. ಗೌಡರು ಬಸ್ಸಿನಲ್ಲಿ ಬರುವುದು, ಬೆಂಚಿನ ಮೇಲೆ ಕೂರುವುದು, ಹೋಗುವುದು. ಒಂದು ಸಲವೂ ಗದರಲಿಲ್ಲ. ಗದರಿದ್ದರೆ ನನಗೆ ಹಗುರವಾಗುತ್ತಿತ್ತು. ಕೊನೆಗೆ ‘ತಹಶೀಲ್ದಾರರ ಗುಮಾಸ್ತ ಒಳಗೆ ಹೋಗಬಹುದು’ ಎಂಬ ಅಪ್ಪಣೆ ಬಂತು. ರೆಕಾರ್ಡ್ ಕೀಪರು ನನಗಿಂತ ಹೆಚ್ಚು ಸಂತೋಷಪಟ್ಟು ಬೀಗ ತೆಗೆದರು. ಗೌಡರ ನಾಡಿನ ಕಾಗದಗಳ ಗಂಟು ಎದುರಿನ ಅಟ್ಟಣಿಗೆಯಲ್ಲೇ ಇತ್ತು, ಕೆಂಪು ಬಟ್ಟೆಯದು. ಕೈ ಚಾಚಿದೆ.

“ಹಾಂ ಹಾಂ! ಒಳಗೆ ಬರಾಕೆ ಆರ್ಡರ್ ಆಯ್ತೆ. ಗಂಟು ಬಿಚ್ಚಾಕೆ ಎಲ್ಲಯ್ತೆ?”

ಕೋಣೆಯ ಅನುಮತಿ ಬೇರೆ, ಗಂಟಿನ ಅನುಮತಿ ಬೇರೆ. ಗಂಟು ಸರ್ವೆಯವರದು. ಅವರ ಅಪ್ಪಣೆಯಲ್ಲಿ ಇನ್ನೂ ಸುಬೇದಾರರ ಗುಮಾಸ್ತನೇ ಬದುಕಿದ್ದ. ಬಾಗಿಲಿನಲ್ಲಿ ನಾನು ಹೊಸಬನಾಗಿರಬೇಕು, ಗಂಟಿನ ಮುಂದೆ ಹಳಬನಾಗಿರಬೇಕು; ಇಬ್ಬರೂ ಏಕಕಾಲಕ್ಕೆ ಆಗುವ ಸಾಮರ್ಥ್ಯ ನನಗೆ ಇರಲಿಲ್ಲ. ಅದನ್ನು ತಿದ್ದಬೇಕಾದ ಸರ್ವೆಯ ಅಧಿಕಾರಿ ವರ್ಗವಾಗಿ ಬಯಲುಸೀಮೆಗೆ ಹೋಗಿದ್ದರು, ಅವರ ಜಾಗಕ್ಕೆ ಬರಬೇಕಾದವರು ನಮ್ಮ ಮಳೆಯ ಸುದ್ದಿ ಕೇಳಿ ರಜೆ ಹಾಕಿದ್ದರು.

“ನೀವೇ ಬಿಚ್ಚಿ ಓದಿ ಹೇಳಿ, ನಾನು ಮುಟ್ಟೋದಿಲ್ಲ” ಎಂದು ಬೇಡಿಕೊಂಡೆ.

“ನನ್ನ ಕೆಲ್ಸ ಕಾಯೋದು ಕಣಯ್ಯಾ, ಓದೋದಲ್ಲ.” ಬೀಗದಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಾ, “ಇವತ್ತು ಇವ್ರಿಗೆ ಬಿಚ್ಚಿದ್ರೆ ನಾಳೆ ಯಾರ್‍ಯಾರ ಜಮೀನು ಯಾರ್‍ಯಾರಿಗೆ ಹೋಯ್ತದೋ” ಎಂದರು.

ಹಬ್ಬದ ಹಿಂದಿನ ದಿನ ಗೌಡರು ಬಂದರು.

“ಇಲ್ಲೆ, ಅಲ್ಲ?” ಎಂದರು, ನಕಲು ಸಿಗಲಿಲ್ಲವೆಂದು ನನ್ನ ಮುಖ ನೋಡಿಯೇ ತಿಳಿದು.

“ಇಲ್ಲ ಗೌಡ್ರೆ.”

“ಒಳೊ ಉಟ್ಟಾ ಆ ಕಾಗದ? ನೀವು ನೋಡಿದ್ರಾ?”

“ಗಂಟು ನೋಡಿದ್ದೇನೆ.”

“ಹಂಗಾರೆ ನಂಗೂ ತೋರ್ಸಿ.”

ವರಾಂಡದ ಕಡೆಗೆ ಸರಳಿನ ಕಿಟಕಿಯೊಂದಿತ್ತು. ಅಲ್ಲಿಂದ ಬೆರಳು ತೋರಿಸಿದೆ. ಗೌಡರು ತಲೆವಸ್ತ್ರ ತೆಗೆದು, ಸರಳಿಗೆ ಹಣೆ ತಾಗಿಸಿ ಬಹಳ ಹೊತ್ತು ನೋಡಿದರು. ಅಜ್ಜ, ಮುತ್ತಜ್ಜಂದಿರ ಹೆಸರುಗಳೆಲ್ಲ ಆ ಬಟ್ಟೆಯೊಳಗೆ. ರೆಕಾರ್ಡ್ ಕೀಪರು ಬಾಗಿಲಲ್ಲೇ ನಿಂತಿದ್ದರು. ಕಿಟಕಿಯಿಂದ ನೋಡಬಾರದೆಂಬ ನಿಯಮ ಇದ್ದಿದ್ದರೆ ಹೇಳುತ್ತಿದ್ದರೇನೋ.

“ನಾಳೆ ಕೋವಿ ಇಡ್ವ ಜಾಗಲಿ ಎಂತ ಇಡ್ದು?” ಎಂದು ಗೌಡರು ಕೇಳಿದರು. ಕೇಳಿದ್ದು ನನ್ನನ್ನೋ, ಗಂಟನ್ನೋ ತಿಳಿಯಲಿಲ್ಲ. ಆಮೇಲೆ ತಲೆವಸ್ತ್ರ ಸುತ್ತಿಕೊಳ್ಳುತ್ತಾ ನನ್ನ ಕಡೆ ತಿರುಗಿದರು.

“ಕತ್ತಿ ಉಟ್ಟು. ಕತ್ತಿಗೆ ಯಾರ ಪರ್ಮಿಷನೂ ಬೇಡ, ಅಲ್ಲ ಗುಮಾಸ್ತರೆ?”

ತಮಾಷೆಯಲ್ಲ, ನಿಜವಾಗಿಯೇ ಕೇಳುತ್ತಿದ್ದರು.

“ಬೇಡ” ಎಂದೆ. ಅವರು ತಲೆಯಾಡಿಸಿ ಬಸ್ಸಿಗೆ ಹೋದರು. ಅಷ್ಟು ಹೇಳುವುದಕ್ಕಾದರೂ ನನಗೆ ಅಧಿಕಾರವಿತ್ತೋ ಇಲ್ಲವೋ, ಯಾರನ್ನು ಕೇಳಬೇಕೆಂದು ಗೊತ್ತಾಗದೆ ಅಲ್ಲೇ ನಿಂತಿದ್ದೆ.